ಬಿಲ್ಲಿಗೆ ಅಡ್ಡ ಬರುವ ಎರರ್ ಬಾಕ್ಸ್
ಸಾಂಗ್ಲಿಯಿಂದ ಅರಶಿನ ತರಿಸುವ ಮಂಗಳೂರಿನ ವ್ಯಾಪಾರಿಗೆ ಅಲ್ಲಿನ ಬಿಲ್ಲಿನಲ್ಲಿ ತನ್ನ ಜಿಎಸ್‌ಟಿ ನಂಬರ್ ಸರಿಯಿರಲೇಬೇಕು. ಇಲ್ಲವಾದರೆ ಕೊಟ್ಟ ತೆರಿಗೆಯ ಕ್ರೆಡಿಟ್ ಸಿಗಲ್ಲ. ನಂಬರಿನಲ್ಲಿ 15 ಅಕ್ಷರ: ಮೊದಲು ರಾಜ್ಯದ ಕೋಡ್, ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ಆಮೇಲೆ 10 ಅಕ್ಷರದ ಪ್ಯಾನ್. ಕೊನೆಯದು ಉಳಿದ 14ನ್ನು ತಾಳೆ ನೋಡುವ ಅಕ್ಷರ. ಹಾಗಾಗಿ ಪೂರ್ತಿ ತುಂಬುವ ಮೊದಲು ಸರಿ-ತಪ್ಪು ಹೇಳುವುದಕ್ಕೇ ಆಗದು.

ಆದರೂ ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಿಗೆ ತಾಳ್ಮೆಯೇ ಇಲ್ಲ. ಅರ್ಧ ನಂಬರ್ ಹಾಕಿ, ಉಳಿದದ್ದು ಫೋನಲ್ಲಿ ಕೇಳೋಣ ಅಂತ ಮುಂದಿನ ಕಾಲಂಗೆ ಹೋದರೆ ಪರದೆ ಮಧ್ಯೆ 'ಇನ್‌ವ್ಯಾಲಿಡ್' ಬಾಕ್ಸ್. ಓಕೆ ಒತ್ತಿದರೆ ಮತ್ತೆ ಅದೇ ಕಾಲಂ. ಹೊರಗೆ ಲಾರಿ ಕಾಯ್ತಿರುತ್ತದೆ. ಬೇಸತ್ತ ಕೆಲಸದ ಹುಡುಗ ನಂಬರ್ ಅಳಿಸಿ, ಕಾಲಂ ಖಾಲಿ ಬಿಟ್ಟು ಬಿಲ್ ಮುಗಿಸುತ್ತಾನೆ. ಕ್ರೆಡಿಟ್ ಹೋಗುವುದು ಅಲ್ಲೇ.

ಕಾಲಂ ಕೆಳಗೆ ಕೆಂಪಕ್ಷರದಲ್ಲಿ ತಪ್ಪು ತೋರಿಸಿ, ಬಿಲ್ ಸೇವ್ ಮಾಡುವಾಗ ಮಾತ್ರ ತಡೆದರೆ ಸಾಕಿತ್ತು.