ಗಡಿಯಾರದ ಅವಸರ, ಧರ್ಮದ ವಿವೇಕ

ಕಥೆ ಕೇಳುವ ಹಂಬಲ ಮಾನವನಿಗೆ ಹುಟ್ಟಿನೊಡನೆ ಬಂದುದು. ಶ್ರಾವಣ ಮಾಸದಲ್ಲಿ ನಮ್ಮ ಮಠಮಾನ್ಯಗಳಲ್ಲಿ ನಡೆಯುವ ಪುರಾಣ ಪ್ರವಚನಕ್ಕೆ ಊರಿಗೆ ಊರೇ ನೆರೆಯುವುದಕ್ಕೂ, ಮನೆಯ ಮಕ್ಕಳು ಊಟದ ಪರಿವೆಯಿಲ್ಲದೆ ಟಿ.ವಿ. ಧಾರಾವಾಹಿಯ ಮುಂದೆ ಕುಳಿತುಬಿಡುವುದಕ್ಕೂ ಮೂಲದಲ್ಲಿರುವ ಕುತೂಹಲ ಒಂದೇ: 'ಮುಂದೇನಾಯಿತು?' ಆದರೆ ಒಳ್ಳೆಯ ಪುರಾಣಿಕನು ಅಷ್ಟಕ್ಕೇ ನಿಲ್ಲುವುದಿಲ್ಲ. ಕಥೆಯ ಓಟವನ್ನು ಅಲ್ಲಲ್ಲಿ ತಡೆದು, 'ಹೀಗೆ ಮಾಡಿದುದು ಸರಿಯೇ?' ಎಂಬ ಎರಡನೆಯ ಪ್ರಶ್ನೆಯನ್ನೂ ಶ್ರೋತೃಗಳ ಮುಂದಿಡುತ್ತಾನೆ. ಮೊದಲನೆಯ ಪ್ರಶ್ನೆ ಮನಸ್ಸನ್ನು ಹಿಡಿದಿಡುತ್ತದೆ. ಎರಡನೆಯದು ಮನಸ್ಸನ್ನು ತಿದ್ದುತ್ತದೆ. ಎರಡನೆಯ ಪ್ರಶ್ನೆಗೆ ಎಡೆಯೇ ಇಲ್ಲದಂತೆ ಮೊದಲನೆಯದನ್ನು ಬೆಳೆಸಿದರೆ ಏನಾಗುತ್ತದೆ ಎಂಬುದಕ್ಕೆ ಲೋಕಪ್ರಸಿದ್ಧವಾದ ಒಂದು ಅಮೆರಿಕನ್ ಧಾರಾವಾಹಿ ನಿದರ್ಶನವಾಗಿದೆ. ಅದರ ಹೆಸರು '24'.

ಜೋಯೆಲ್ ಸರ್ನೋ ಮತ್ತು ರಾಬರ್ಟ್ ಕಾಕ್ರನ್ ಎಂಬ ಇಬ್ಬರು ರೂಪಿಸಿದ ಈ ಧಾರಾವಾಹಿ ಫಾಕ್ಸ್ ವಾಹಿನಿಯಲ್ಲಿ 2001ರ ನವೆಂಬರ್ 6ರಂದು ಆರಂಭವಾಯಿತು. ಆಗ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಎರಡು ತಿಂಗಳೂ ತುಂಬಿರಲಿಲ್ಲ. 2010ರ ಮೇ ತಿಂಗಳವರೆಗೆ ಎಂಟು ಸರಣಿಗಳಲ್ಲಿ 192 ಕಂತುಗಳು ಪ್ರಸಾರವಾದವು. 2014ರಲ್ಲಿ ಇನ್ನೂ 12 ಕಂತುಗಳು ಬಂದವು. ನಮ್ಮ ದೇಶದಲ್ಲಿಯೂ 2013ರಲ್ಲಿ ಕಲರ್ಸ್ ವಾಹಿನಿಯು ಅನಿಲ್ ಕಪೂರ್ ಅವರನ್ನು ನಾಯಕರನ್ನಾಗಿಸಿ ಇದರ ಹಿಂದಿ ರೂಪವನ್ನು ಪ್ರಸಾರ ಮಾಡಿತು. 2016ರಲ್ಲಿ ಅದರ ಎರಡನೆಯ ಸರಣಿಯೂ ಬಂದಿತು. ಇದಾದ ಮೇಲೆ ಇದೇ ಜಾಡಿನಲ್ಲಿ ಹುಟ್ಟಿದ ಭಯೋತ್ಪಾದನಾ ನಿಗ್ರಹದ ಕಥೆಗಳಿಗೆ ಲೆಕ್ಕವಿಲ್ಲ. ಅವೆಲ್ಲವೂ ಇಂದು ನಮ್ಮ ಮಕ್ಕಳ ಅಂಗೈಯ ಮೊಬೈಲಿಗೇ ಬಂದು ಕುಳಿತಿರುವುದರಿಂದ ಈ ಮಾದರಿಯ ಮೂಲವನ್ನು ವಿವೇಚಿಸುವುದು ಅಪ್ರಸ್ತುತವಾಗಲಾರದು.

ಒಂದು ದಿನದ ಕಥೆ

ಈ ಧಾರಾವಾಹಿಯ ಒಂದೊಂದು ಸರಣಿಯೂ ಒಂದೊಂದು ದಿನದ ಕಥೆ. ಕಂತೊಂದಕ್ಕೆ ಒಂದು ಗಂಟೆಯಂತೆ 24 ಕಂತುಗಳಲ್ಲಿ 24 ಗಂಟೆಗಳು ಮುಗಿಯುತ್ತವೆ. ತೆರೆಯ ಮೇಲೆ ಆಗಾಗ ಗಡಿಯಾರದ ಅಂಕಿಗಳು ಮೂಡಿ, ಟಿಕ್ ಟಿಕ್ ಎಂದು ಕ್ಷಣಗಳನ್ನು ಎಣಿಸುತ್ತವೆ. ಲಾಸ್ ಏಂಜಲೀಸ್ ನಗರದಲ್ಲಿರುವ ಒಂದು ಕಾಲ್ಪನಿಕ ಭಯೋತ್ಪಾದನಾ ನಿಗ್ರಹ ದಳದ ಅಧಿಕಾರಿ ಜ್ಯಾಕ್ ಬಾವರ್ ಕಥಾನಾಯಕ. ಕೀಫರ್ ಸದರ್ಲೆಂಡ್ ಎಂಬ ನಟ ಆ ಪಾತ್ರವನ್ನು ನಿರ್ವಹಿಸಿದ್ದಾನೆ.

ಕಾಲವನ್ನು ಹೀಗೆ ಬಿಗಿಹಿಡಿಯುವುದು ಹೊಸತೇನಲ್ಲ. ಒಂದು ಅಂಕದಲ್ಲಿ ಒಂದು ದಿನಕ್ಕೆ ಮೀರಿದ ಘಟನೆಗಳನ್ನು ತರಬಾರದೆಂದು ನಮ್ಮ ನಾಟ್ಯಶಾಸ್ತ್ರ ವಿಧಿಸಿದೆ. ದುರಂತ ನಾಟಕದ ಕಾಲವು ಸಾಧ್ಯವಾದಷ್ಟು ಸೂರ್ಯನ ಒಂದು ಪರಿಭ್ರಮಣದೊಳಗೆ ಅಡಗುತ್ತದೆಂದು ಗ್ರೀಕ್ ಪಂಡಿತ ಅರಿಸ್ಟಾಟಲನೂ ಗುರುತಿಸಿದ್ದಾನೆ. ಆದರೆ ಅವರ ಉದ್ದೇಶ ಕಥೆಗೆ ಅಡಕವನ್ನು ತರುವುದಾಗಿತ್ತು. ಇಲ್ಲಿ ಗಡಿಯಾರವೇ ಒಂದು ಪಾತ್ರವಾಗಿ ನಿಂತು, ಉಳಿದ ಪಾತ್ರಗಳನ್ನೆಲ್ಲ ಅಟ್ಟಿಕೊಂಡು ಹೋಗುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಕಂತಿನ ಕಥಾಭಾಗ ಮುಕ್ಕಾಲು ಗಂಟೆಯನ್ನೂ ಮುಟ್ಟುವುದಿಲ್ಲ. ಉಳಿದ ಹೊತ್ತು ಜಾಹೀರಾತುಗಳದು. ಜಾಹೀರಾತು ನಡೆಯುವಾಗಲೂ ಕಥೆಯ ಗಡಿಯಾರ ಓಡುತ್ತಲೇ ಇರುತ್ತದೆ. ನಾಯಕನ ಊಟ, ವಿಶ್ರಾಂತಿ, ಆ ಮಹಾನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ನಂಬಲಾಗದಷ್ಟು ಬೇಗ ಮುಗಿಯುವ ಪ್ರಯಾಣ, ಎಲ್ಲವನ್ನೂ ಆ ಮರೆಯಲ್ಲಿಯೇ ಊಹಿಸಿಕೊಳ್ಳಬೇಕು.

ತರ್ಕದ ಬಿರುಕುಗಳು

ಕಾರಣವಿಲ್ಲದೆ ಕಾರ್ಯವಿಲ್ಲ ಎಂಬುದು ತರ್ಕದ ಮೊದಲ ಪಾಠ. ಕಥೆಗೂ ಈ ನಿಯಮ ತಪ್ಪಿದ್ದಲ್ಲ. ಮೊದಲನೆಯ ಸರಣಿಯನ್ನೇ ನೋಡೋಣ. ರಾಷ್ಟ್ರಾಧ್ಯಕ್ಷ ಪದವಿಯ ಆಕಾಂಕ್ಷಿಯಾದ ಡೇವಿಡ್ ಪಾಮರ್ ಎಂಬ ಸೆನೆಟರನ ಕೊಲೆಗೆ ಸಂಚು ನಡೆದಿದೆ. ಆ ಸಂಚಿಗೆ ಬಾವರನನ್ನು ಬಳಸಿಕೊಳ್ಳಲು ಅವನ ಮಡದಿ ಟೆರಿ ಮತ್ತು ಮಗಳು ಕಿಮ್ ಇಬ್ಬರನ್ನೂ ಗೇನ್ಸ್ ಎಂಬಾತನ ತಂಡ ಅಪಹರಿಸಿದೆ. ವಾಹಿನಿಯವರು ಮೊದಲು ಕೇಳಿದ್ದು 13 ಕಂತುಗಳನ್ನು ಮಾತ್ರ. ಅದಕ್ಕೆ ತಕ್ಕಂತೆ 13ನೆಯ ಕಂತಿನ ಹೊತ್ತಿಗೆ ಗೇನ್ಸ್ ಸಾಯುತ್ತಾನೆ. ತಾಯಿ ಮಗಳು ಪಾರಾಗುತ್ತಾರೆ. ಮುಂದೆ ಕಥೆಯನ್ನು ಬೆಳೆಸಬೇಕಾಗಿ ಬಂದಾಗ ಟೆರಿಗೆ ಹಠಾತ್ತನೆ ನೆನಪು ಅಳಿಸಿಹೋಗುತ್ತದೆ. ಕೆಲವು ಕಂತುಗಳ ಅನಂತರ ಮರಳಿ ಬರುತ್ತದೆ. ಕಥೆಯ ಒಳಗಿನ ಅಗತ್ಯಕ್ಕಿಂತ ಕಂತುಗಳ ಅಗತ್ಯವೇ ಅಲ್ಲಿ ಎದ್ದು ಕಾಣುತ್ತದೆ.

ಇದಕ್ಕಿಂತ ದೊಡ್ಡ ಬಿರುಕು ನೀನಾ ಮೈಯರ್ಸಳ ಪಾತ್ರದಲ್ಲಿದೆ. ಬಾವರನ ನೆಚ್ಚಿನ ಸಹೋದ್ಯೋಗಿಯಾದ ಈಕೆಯೇ ಶತ್ರುಗಳ ಗೂಢಚಾರಳೆಂದು ಸರಣಿಯ ಕೊನೆಗೆ ಬಯಲಾಗುತ್ತದೆ. ಟೆರಿಯನ್ನು ಕೊಲ್ಲುವವಳೂ ಅವಳೇ. ಆದರೆ ಅದಕ್ಕೂ ಬಹಳ ಹಿಂದೆ, ನೀನಾಳನ್ನು ಕೊಲ್ಲಬೇಕೆಂದು ಬಾವರನಿಗೆ ಆಜ್ಞೆ ಮಾಡಿದವನು ಇದೇ ಗೇನ್ಸ್. ಬಾವರ್ ಗುಟ್ಟಾಗಿ ಅವಳಿಗೆ ಗುಂಡುನಿರೋಧಕ ಕವಚ ತೊಡಿಸಿ, ಕೊಂದಂತೆ ನಟಿಸಿ, ಅವಳ ಪ್ರಾಣ ಉಳಿಸುತ್ತಾನೆ. ತಮ್ಮ ಪರವಾಗಿ ಶತ್ರುವಿನ ಕೋಟೆಯೊಳಗೇ ಕುಳಿತ ಅಮೂಲ್ಯ ವ್ಯಕ್ತಿಯನ್ನು ಸಂಚುಗಾರರು ಕೊಲ್ಲಿಸಲು ಹೊರಡುವರೇ? ಗೇನ್ಸ್ ಕೂಲಿಗೆ ಬಂದವನು, ಅವನಿಗೆ ಆಕೆಯ ಗುಟ್ಟು ತಿಳಿದಿರಲಿಲ್ಲ ಎಂದು ಸಮರ್ಥಿಸಬಹುದು. ಕಥೆಯಂತೂ ಆ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವೆಂದು ಸಾರಿದ ಔಚಿತ್ಯಕ್ಕೆ ಇಂತಲ್ಲಿ ಪೆಟ್ಟು ಬೀಳುತ್ತದೆ.

ಹಾಗಿದ್ದರೂ ಕೋಟ್ಯಂತರ ಜನ ಇದನ್ನು ಉಸಿರು ಬಿಗಿಹಿಡಿದು ನೋಡಿದರಲ್ಲ, ಏಕೆ? ಉತ್ತರ ಗಡಿಯಾರದಲ್ಲಿದೆ. ಓಡುವ ಬಂಡಿಯಲ್ಲಿ ಕುಳಿತವನಿಗೆ ರಸ್ತೆಯ ಹೊಂಡಗಳು ಕಾಣುವುದಿಲ್ಲ. ಪ್ರಶ್ನೆ ಹುಟ್ಟುವ ಮುನ್ನವೇ ಮುಂದಿನ ಅಪಾಯ ಎದುರಾಗುತ್ತದೆ. ಕಥೆಯ ದೋಷವನ್ನು ಮುಚ್ಚುವ ಈ ವೇಗವು ಕಥಾನಾಯಕನ ನಡತೆಯ ದೋಷವನ್ನೂ ಮುಚ್ಚಿಬಿಡುತ್ತದೆ. ವಿಷಯ ಗಂಭೀರವಾಗುವುದು ಇಲ್ಲಿಯೇ.

ನಾಯಕನ ನಿರ್ಧಾರಗಳು

ಬಾವರನ ಬಳಿ ಎಲ್ಲ ಬೀಗಗಳಿಗೂ ಒಂದೇ ಕೀಲಿಕೈ ಇದೆ, ಅದು ಚಿತ್ರಹಿಂಸೆ. ಬಾಂಬು ಸಿಡಿಯಲು ಕೆಲವೇ ನಿಮಿಷಗಳಿವೆ, ಎದುರಿಗಿರುವವನಿಗೆ ಅದು ಎಲ್ಲಿದೆಯೆಂಬುದು ಗೊತ್ತಿದೆ, ಹಿಂಸಿಸಿದರೆ ನಿಜ ಹೇಳುತ್ತಾನೆ. ಈ ಮೂರು ಆಧಾರಗಳ ಮೇಲೆ ಅವನ ಕ್ರೌರ್ಯದ ಸಮರ್ಥನೆ ನಿಂತಿದೆ. ನಿಜಜೀವನದಲ್ಲಿ ಈ ಮೂರೂ ಏಕಕಾಲಕ್ಕೆ ಕೂಡಿಬರುವುದು ಅತಿ ವಿರಳ. ಸೆರೆಸಿಕ್ಕವನಿಗೆ ವಿಷಯ ಗೊತ್ತಿದೆಯೆಂಬ ಖಾತ್ರಿ ಯಾರಿಗಿರುತ್ತದೆ? ನೋವನ್ನು ತಾಳಲಾರದವನು ನಿಜವನ್ನೇ ಹೇಳುತ್ತಾನೆಂಬ ಭರವಸೆ ಏನು? ಕೇಳುವವನಿಗೆ ಬೇಕಾದುದನ್ನು ಹೇಳಿ ನೋವಿನಿಂದ ಪಾರಾಗುವುದು ಮನುಷ್ಯ ಸ್ವಭಾವವಲ್ಲವೇ?

ಸ್ವಾರಸ್ಯವೇನೆಂದರೆ, ಧಾರಾವಾಹಿಯೇ ಇದಕ್ಕೆ ಸಾಕ್ಷ್ಯ ಒದಗಿಸುತ್ತದೆ. ನಾಲ್ಕನೆಯ ಸರಣಿಯಲ್ಲಿ ಸಾರಾ ಎಂಬ ಉದ್ಯೋಗಿಯನ್ನು ದ್ರೋಹಿಯೆಂದು ಶಂಕಿಸಿ ದಳದವರೇ ಹಿಂಸಿಸುತ್ತಾರೆ, ಅವಳು ನಿರಪರಾಧಿ. ಪಾಲ್ ರೇನ್ಸ್ ಎಂಬಾತನಿಗೆ ಬಾವರ್ ವಿದ್ಯುತ್ ತಂತಿಯಿಂದ ಹಿಂಸೆ ಕೊಡುತ್ತಾನೆ, ಅವನೂ ನಿರಪರಾಧಿ. ಅದೇ ರೇನ್ಸ್ ಮುಂದೆ ಬಾವರನಿಗೆ ಬೀಳಬೇಕಾಗಿದ್ದ ಗುಂಡಿಗೆ ತನ್ನ ಮೈಯೊಡ್ಡುತ್ತಾನೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅವನು ಮಲಗಿರುವಾಗ ಬಾವರ್ ವೈದ್ಯನಿಗೆ ಪಿಸ್ತೂಲು ತೋರಿಸಿ, ಸುಳಿವು ಕೊಡಬಲ್ಲ ಇನ್ನೊಬ್ಬ ಗಾಯಾಳುವನ್ನು ಉಳಿಸುವಂತೆ ಬಲವಂತ ಮಾಡುತ್ತಾನೆ, ರೇನ್ಸ್ ಸಾಯುತ್ತಾನೆ. ಇದೊಂದು ಮಹಾಕಾವ್ಯದ ವಸ್ತು. ಪಶ್ಚಾತ್ತಾಪದಲ್ಲಿ ಒಬ್ಬ ನಾಯಕ ಬೆಂದು ಪುಟವಾಗಬೇಕಾದ ಸಂದರ್ಭ. ಆದರೆ ಗಡಿಯಾರ ಬಿಡಬೇಕಲ್ಲ! ಕರುಣರಸ ಹರಿಯುವ ಮೊದಲೇ ಕಥೆ ಮುಂದಿನ ಬೆನ್ನಟ್ಟುವಿಕೆಗೆ ಹೊರಟುಬಿಡುತ್ತದೆ.

ಇದು ಬರಿಯ ಮನರಂಜನೆ, ಇಷ್ಟೇಕೆ ವಿಚಾರ ಎನ್ನುವವರಿಗೆ ಒಂದು ಸಂಗತಿಯನ್ನು ತಿಳಿಸಬೇಕು. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಡೀನ್ ಆಗಿದ್ದ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನ್ನೆಗನ್ ಅವರು 2006ರ ನವೆಂಬರಿನಲ್ಲಿ ಈ ಧಾರಾವಾಹಿಯ ನಿರ್ಮಾಪಕರನ್ನು ಸ್ವತಃ ಕಂಡು, ಚಿತ್ರಹಿಂಸೆಯ ವೈಭವೀಕರಣವನ್ನು ತಗ್ಗಿಸುವಂತೆ ಕೇಳಿಕೊಂಡರು. ಕಾನೂನುಬದ್ಧ ನಡತೆಯನ್ನು ತಾವು ಬೋಧಿಸುತ್ತಿದ್ದ ಸೈನಿಕ ವಿದ್ಯಾರ್ಥಿಗಳ ಮೇಲೆ ಬಾವರನ ಪ್ರಭಾವ ಬೀಳುತ್ತಿರುವುದು ಅವರ ಆತಂಕವಾಗಿತ್ತು. ಮುಂದೆ 2014ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ಟಿನ ಗುಪ್ತಚರ ಸಮಿತಿ ಪ್ರಕಟಿಸಿದ ವರದಿಯು, ಸಿ.ಐ.ಎ. ಸಂಸ್ಥೆ ಬಂದಿಗಳ ಮೇಲೆ ಪ್ರಯೋಗಿಸಿದ ಕ್ರೂರ ವಿಧಾನಗಳು ಮಾಹಿತಿ ಪಡೆಯುವಲ್ಲಿ ಪರಿಣಾಮಕಾರಿಯಾಗಿರಲಿಲ್ಲವೆಂಬ ನಿರ್ಣಯಕ್ಕೆ ಬಂದಿತು. ಯುದ್ಧವಾಗಲಿ ತುರ್ತು ಪರಿಸ್ಥಿತಿಯಾಗಲಿ ಚಿತ್ರಹಿಂಸೆಗೆ ಸಮರ್ಥನೆಯಾಗದೆಂದು ವಿಶ್ವಸಂಸ್ಥೆಯ 1984ರ ಒಡಂಬಡಿಕೆ ಸಾರಿರುವುದು ವ್ಯರ್ಥವಾಗಿ ಅಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1996ರ ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಿ ಬಂಧಿತರ ರಕ್ಷಣೆಗಾಗಿ ಪೊಲೀಸರು ಪಾಲಿಸಲೇಬೇಕಾದ ಸೂಚನೆಗಳನ್ನು ವಿಧಿಸಿದೆ.

ತಡೆದು ನಿಂತವರು

ಹಾಗೆಂದು ಈ ಧಾರಾವಾಹಿಯನ್ನು ಸಾರಾಸಗಟಾಗಿ ತಿರಸ್ಕರಿಸುವುದು ನ್ಯಾಯವಲ್ಲ. ಓಡುವವರ ನಡುವೆ ತಡೆದು ನಿಂತ ಕೆಲವರು ಇದರಲ್ಲಿದ್ದಾರೆ. ಅವರೇ ಇದರ ನಿಜವಾದ ಸಂಪತ್ತು.

ಎರಡನೆಯ ಸರಣಿಯಲ್ಲಿ ರಾಷ್ಟ್ರಾಧ್ಯಕ್ಷನಾಗಿರುವ ಡೇವಿಡ್ ಪಾಮರ್ ಅವರಲ್ಲಿ ಮೊದಲಿಗ. ಅಣುಬಾಂಬಿನ ಸಂಚಿನಲ್ಲಿ ಮಧ್ಯಪ್ರಾಚ್ಯದ ಮೂರು ದೇಶಗಳ ಕೈವಾಡವಿದೆಯೆಂದು ಸೂಚಿಸುವ ಒಂದು ಧ್ವನಿಮುದ್ರಣ ದೊರೆಯುತ್ತದೆ. ಮಂತ್ರಿಮಂಡಲವೆಲ್ಲ ಪ್ರತಿದಾಳಿಗೆ ಆತುರಪಡುತ್ತದೆ. ಧ್ವನಿಮುದ್ರಣ ಕೃತಕವಿರಬಹುದೆಂಬ ಸಂಶಯ ಬಂದೊಡನೆ ಪಾಮರ್ ದಾಳಿಯನ್ನು ತಡೆಹಿಡಿಯುತ್ತಾನೆ. ಅದಕ್ಕಾಗಿ ಸ್ವಂತ ಮಂತ್ರಿಗಳೇ ಸಂವಿಧಾನದ 25ನೆಯ ತಿದ್ದುಪಡಿಯನ್ನು ಬಳಸಿ ಅವನನ್ನು ಪದವಿಯಿಂದ ಇಳಿಸುತ್ತಾರೆ. ಕೊನೆಗೆ ಧ್ವನಿಮುದ್ರಣ ಸುಳ್ಳೆಂದು ಸಿದ್ಧವಾಗಿ ಅವನ ಮಾತೇ ನಿಲ್ಲುತ್ತದೆ. ಈ ಕಂತುಗಳು ಪ್ರಸಾರವಾದುದು 2003ರ ವಸಂತದಲ್ಲಿ. ಅದೇ ಮಾರ್ಚಿನಲ್ಲಿ ಇರಾಕಿನ ಮೇಲೆ ಯುದ್ಧ ಆರಂಭವಾಗಿತ್ತು. ಅದಕ್ಕೆ ಕಾರಣವೆಂದು ಹೇಳಲಾದ ಸಮೂಹನಾಶಕ ಅಸ್ತ್ರಗಳ ದಾಸ್ತಾನು ಮುಂದೆಯೂ ಸಿಗಲಿಲ್ಲ. ಹೆಸರು ಪಾಮರನಾದರೂ ಈತನ ನಡೆ ಪಂಡಿತನದು.

ಈತನೂ ಎಲ್ಲ ಕಾಲಕ್ಕೂ ನಿಷ್ಕಳಂಕನಲ್ಲ. ಮೂರನೆಯ ಸರಣಿಯಲ್ಲಿ ಮಾರಕ ವೈರಾಣುವನ್ನು ಹರಡುವ ಬೆದರಿಕೆ ಹಾಕಿದ ಸಾಂಡರ್ಸ್ ಎಂಬಾತ ರಯಾನ್ ಚಾಪೆಲ್ ಎಂಬ ಅಧಿಕಾರಿಯ ಪ್ರಾಣವನ್ನು ಕೇಳುತ್ತಾನೆ. ಸಾವಿರಾರು ಜನರ ಪ್ರಾಣಕ್ಕೆ ಒಂದು ಪ್ರಾಣ ಎಂಬ ಲೆಕ್ಕದಲ್ಲಿ ಪಾಮರ್ ಒಪ್ಪುತ್ತಾನೆ. ಬಾವರ್ ರೈಲು ಯಾರ್ಡಿನಲ್ಲಿ ಚಾಪೆಲ್‌ನನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಸಾಂಡರ್ಸನ ಹಣದ ಜಾಡನ್ನು ಪತ್ತೆಹಚ್ಚುತ್ತಿದ್ದವನು ಈ ಚಾಪೆಲ್ಲನೇ ಎಂಬುದನ್ನು ಮರೆಯಬಾರದು. ಶತ್ರು ಕೇಳಿದ್ದು ತನ್ನನ್ನು ಹಿಡಿಯಬಲ್ಲ ಕೈಯನ್ನೇ! ಅವಸರದ ಲೆಕ್ಕದಲ್ಲಿ ಧರ್ಮದೊಡನೆ ಯುಕ್ತಿಯೂ ಸೋಲುತ್ತದೆ.

ಜಾರ್ಜ್ ಮೇಸನ್ ಎಂಬ ಅಧಿಕಾರಿಯ ಕಥೆ ಇನ್ನೂ ಮನೋಜ್ಞ. ನಗರದಲ್ಲಿ ಅಣುಬಾಂಬಿದೆಯೆಂದು ತಿಳಿದೊಡನೆ ಇವನು ನೆಪ ಹೇಳಿ ಊರು ಬಿಡಲು ಹೊರಡುತ್ತಾನೆ. ದಾರಿಯಲ್ಲಿ ನಡೆದ ಒಂದು ಶೋಧದಲ್ಲಿ ಪ್ಲುಟೋನಿಯಂ ವಿಷ ಅವನ ಉಸಿರಿಗೆ ಸೇರುತ್ತದೆ. ಸಾವಿಗೆ ಹೆದರಿ ಓಡಿದವನು ಸಾವಿನ ಬಾಯಿಗೇ ಬೀಳುತ್ತಾನೆ. ಅಲ್ಲಿಂದ ಅವನು ಬೇರೆಯೇ ಮನುಷ್ಯ. ಉಳಿದ ಕೆಲವೇ ಗಂಟೆಗಳನ್ನು ಕೆಲಸಕ್ಕೆ ಮುಡಿಪಿಡುತ್ತಾನೆ. ಬಾಂಬನ್ನು ಹೊತ್ತ ವಿಮಾನವನ್ನು ಮರುಭೂಮಿಗೆ ಒಯ್ಯಲು ಹೊರಟ ಬಾವರನನ್ನು ಕೆಳಗಿಳಿಯಲು ಒಪ್ಪಿಸಿ, ತಾನೇ ಆ ಸಾವನ್ನು ಸ್ವೀಕರಿಸುತ್ತಾನೆ. ಇತರರ ಪ್ರಾಣವನ್ನು ಲೆಕ್ಕಕ್ಕಿಡುವುದಕ್ಕೂ ತನ್ನ ಪ್ರಾಣವನ್ನು ಅರ್ಪಿಸುವುದಕ್ಕೂ ಇರುವ ಅಂತರ ಚಾಪೆಲ್ ಮತ್ತು ಮೇಸನ್ನರ ಎರಡು ಸಾವುಗಳ ನಡುವಿನ ಅಂತರವೇ ಆಗಿದೆ.

ಏಳನೆಯ ಸರಣಿಯಲ್ಲಿ ಅಧ್ಯಕ್ಷೆ ಆಲಿಸನ್ ಟೇಲರಳ ಮಗಳು, ತನ್ನ ಅಣ್ಣನ ಸಾವಿಗೆ ಕಾರಣನಾದವನನ್ನು ಗುಟ್ಟಾಗಿ ಕೊಲ್ಲಿಸುತ್ತಾಳೆ. ವಿಷಯವನ್ನು ಮುಚ್ಚಿಹಾಕೆಂದು ಪತಿ ಅಂಗಲಾಚಿದರೂ ಆ ತಾಯಿ ಮಗಳನ್ನು ನ್ಯಾಯಕ್ಕೆ ಒಪ್ಪಿಸುತ್ತಾಳೆ. ಇಲ್ಲಿ ಬಾಂಬಿಲ್ಲ, ಬೆನ್ನಟ್ಟುವಿಕೆಯಿಲ್ಲ; ಆದರೆ ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಕಠಿಣವಾದ ನಿರ್ಧಾರ ವಿರಳ. ಅದಕ್ಕಾಗಿ ಅವಳು ತೆತ್ತ ಬೆಲೆ ಅವಳ ಸಂಸಾರ.

ಶರಣರ ದೃಷ್ಟಿ

ನಮ್ಮ ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದಿದೆ. ಅನ್ಯಾಯವನ್ನು ಕಂಡು ಸುಮ್ಮನಿರಬಾರದೆಂಬುದು ಅದರ ತಿರುಳು. ಇದೊಂದನ್ನೇ ಹಿಡಿದು ನೋಡಿದರೆ ಬಾವರನ ಹೋರಾಟ ಮೆಚ್ಚಬೇಕಾದುದೇ. ಅವನ ಧೈರ್ಯ, ನಿಸ್ವಾರ್ಥತೆಗಳು ಅಲ್ಪವಲ್ಲ. ಆದರೆ ಗಣಾಚಾರ ಒಂಟಿಯಾಗಿ ನಿಂತಿಲ್ಲ. ಅದರ ಜೊತೆಯಲ್ಲಿ ಸದಾಚಾರವಿದೆ. ಎಲ್ಲರಿಗಿಂತ ನಾನು ಕಿರಿಯನೆಂಬ ಭೃತ್ಯಾಚಾರವಿದೆ. 'ನನಗೆ ಗೊತ್ತು, ನಾನೇ ನಿರ್ಣಯಿಸುತ್ತೇನೆ, ಕಾನೂನು ಆಮೇಲೆ ನೋಡೋಣ' ಎಂಬ ಅಹಂಭಾವಕ್ಕೆ ಭೃತ್ಯಾಚಾರವೇ ಕಡಿವಾಣ. ಹರಳಯ್ಯ ಮಧುವರಸರಿಗೆ ಘೋರ ಶಿಕ್ಷೆ ಒದಗಿ ಕಲ್ಯಾಣವೇ ಕುದಿಯುತ್ತಿದ್ದಾಗ, ಬಸವಣ್ಣನವರು ಪ್ರತೀಕಾರದ ಹಾದಿ ಹಿಡಿಯದೆ ಕೂಡಲಸಂಗಮದತ್ತ ನಡೆದರೆಂದು ನಮ್ಮ ಪರಂಪರೆ ಸ್ಮರಿಸುತ್ತದೆ. ಅಂದಿನ ಅವಸರವೂ ಸಣ್ಣದಾಗಿರಲಿಲ್ಲ.

ಇಂತಹ ಧಾರಾವಾಹಿಗಳನ್ನು ಮಕ್ಕಳು ನೋಡಬಾರದೆಂದು ಅಪ್ಪಣೆ ಹೊರಡಿಸಿ ಫಲವಿಲ್ಲ. ತಿಳಿವಳಿಕೆಯ ವಯಸ್ಸಿಗೆ ಬಂದ ಮಕ್ಕಳೊಡನೆ ತಂದೆತಾಯಿಗಳೂ ಕುಳಿತು ನೋಡಲಿ. ಕಂತು ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಲಿ. ನಾಯಕನಿಗೆ ಇದು ಖಚಿತವಾಗಿ ಗೊತ್ತಿತ್ತೇ, ಅಥವಾ ಹಾಗೆಂದು ಭಾವಿಸಿದನೇ? ಅವನ ಊಹೆ ತಪ್ಪಾಗಿದ್ದರೆ ನೋವುಂಡವನಿಗೆ ಯಾರು ಉತ್ತರ ಹೇಳುತ್ತಿದ್ದರು? ಅದೇ ಸ್ಥಾನದಲ್ಲಿ ನಮ್ಮ ಮನೆಯವನೊಬ್ಬ ಶಂಕಿತನಾಗಿ ಕುಳಿತಿದ್ದರೆ ನಾವು ಇದನ್ನೇ ಮೆಚ್ಚುತ್ತಿದ್ದೆವೇ?

ನಮ್ಮ ಸಂಸಾರಗಳಲ್ಲಿ ಅಣುಬಾಂಬುಗಳಿರುವುದಿಲ್ಲ. ಆದರೆ ಮಗನ ಮೇಲೆ ಬಂದ ಒಂದು ದೂರು, ಸೊಸೆಯ ಮೇಲೆ ಹುಟ್ಟಿದ ಒಂದು ಸಂಶಯ, ನೆರೆಯವನ ಬಗೆಗೆ ಕಿವಿಗೆ ಬಿದ್ದ ಒಂದು ಮಾತು ಇವೆಲ್ಲ ಈಗಲೇ ತೀರ್ಪು ಕೊಡೆಂದು ಅವಸರಪಡಿಸುತ್ತವೆ. ವಿಚಾರಿಸಿ ನೋಡಿದರೆ ಆ ಗಡಿಯಾರಕ್ಕೆ ಕೀಲಿ ಕೊಟ್ಟದ್ದು ಬಹುತೇಕ ನಮ್ಮ ಕೋಪವೇ. ಒಂದು ರಾತ್ರಿ ತಡೆದು ಮರುದಿನ ವಿಚಾರಿಸಿದ ಮನೆಗಳು ಉಳಿದಿವೆ. ಪಾಮರನಂತೆ ತಡೆದು ಕೇಳುವ ಸಹನೆ, ಮೇಸನ್ನನಂತೆ ತನ್ನನ್ನೇ ಒಪ್ಪಿಸುವ ಮನಸ್ಸು, ಟೇಲರಳಂತೆ ತನ್ನವರಿಗೂ ಒಂದೇ ನ್ಯಾಯವೆನ್ನುವ ನಿಷ್ಠೆ ನಮ್ಮ ಮಕ್ಕಳಲ್ಲಿ ಬೆಳೆದರೆ ಆ ಪರದೇಶದ ಕಥೆಯಿಂದಲೂ ನಾವು ಲಾಭವನ್ನೇ ಪಡೆದಂತಾಯಿತು.