ಹಳೆಯ ಗಣಕಯಂತ್ರಗಳ ಚಿತ್ರಸಂಕೇತವೂ ಇಂದಿನ ತೆರೆಗಳೂ

ಶಾಲಾಕಾಲೇಜುಗಳ ಉಗ್ರಾಣಗಳಲ್ಲಿ ಧೂಳು ಹಿಡಿದು ಕುಳಿತ ಹಳೆಯ ಗಣಕಯಂತ್ರವೊಂದನ್ನು ಯಾರಾದರೂ ಕುತೂಹಲದಿಂದ ಹೊರತೆಗೆದು, ಇಂದಿನ ಚಪ್ಪಟೆ ಮಾನಿಟರಿಗೆ ಜೋಡಿಸಿ ನೋಡಿದರೆ ಸಾಮಾನ್ಯವಾಗಿ ದೊರೆಯುವ ಫಲ ಒಂದೇ. ತೆರೆ ಕಪ್ಪಾಗಿಯೇ ಉಳಿಯುತ್ತದೆ. ಇಲ್ಲವೆ ಸಂಕೇತವಿಲ್ಲವೆಂಬ ಸೂಚನೆ ಕ್ಷಣಕಾಲ ಮೂಡಿ ಮಾಯವಾಗುತ್ತದೆ. ಇದನ್ನು ಕಂಡವರು ಯಂತ್ರ ಕೆಟ್ಟಿತೆಂದು ತೀರ್ಮಾನಿಸಿ ಅದನ್ನು ಗುಜರಿಗೆ ಹಾಕುವುದುಂಟು. ಈ ತೀರ್ಮಾನ ಅನೇಕ ವೇಳೆ ತಪ್ಪಾಗಿರುತ್ತದೆ. ಯಂತ್ರ ತನ್ನ ಚಿತ್ರವನ್ನು ಸರಿಯಾಗಿಯೇ ಕಳುಹಿಸುತ್ತಿದ್ದು, ತೆರೆಯು ಅದರ ಕಾಲಗತಿಯನ್ನು ಒಪ್ಪದಿರುವುದೇ ತೊಂದರೆಯ ಮೂಲವಾಗಿರಬಹುದು. ಈ ಕಾಲಗತಿಯೆಂದರೇನು, ಅದನ್ನು ಹೊಂದಿಸುವ ಬಗೆ ಯಾವುದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಬಿ.ಬಿ.ಸಿ. ಮೈಕ್ರೊ ಎಂಬ ಯಂತ್ರವನ್ನು. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆ ಇದನ್ನು 1981ರಲ್ಲಿ ಹೊರತಂದಿತು. 1984-85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಎಂಬ ಹೆಸರಿನಲ್ಲಿ ಶಾಲೆಗಳಿಗೆ ಗಣಕವಿದ್ಯೆಯನ್ನು ಪರಿಚಯಿಸುವ ಯೋಜನೆಯನ್ನು ಕೈಗೊಂಡಾಗ ಆರಿಸಿದ್ದು ಇದೇ ಯಂತ್ರವನ್ನು. ಒಟ್ಟು ಸುಮಾರು 12,000 ಯಂತ್ರಗಳು ದೇಶದ ಪ್ರೌಢಶಾಲೆಗಳಿಗೂ ಉಚ್ಚ ಪ್ರೌಢಶಾಲೆಗಳಿಗೂ ಹಂಚಿಕೆಯಾದುವು. ನಮ್ಮ ದೇಶದಲ್ಲಿ ಒಂದು ತಲೆಮಾರಿನ ಅನೇಕ ವಿದ್ಯಾರ್ಥಿಗಳು ಮೊತ್ತಮೊದಲು ಕ್ರಮವಿಧಿಗಳನ್ನು ಬರೆದದ್ದು ಇದರ ಕೀಲಿಮಣೆಯ ಮೇಲೆ. ಕೊಂಡಜ್ಜಿಯಂಥ ಗ್ರಾಮದ ಶಾಲೆಯಲ್ಲಾಗಲಿ, ಹರಿಹರ ದಾವಣಗೆರೆಗಳ ಕಾಲೇಜುಗಳಲ್ಲಾಗಲಿ, ಇಂಥ ಯಂತ್ರ ಎಲ್ಲಿ ದೊರೆತರೂ ಅದನ್ನು ಪರೀಕ್ಷಿಸುವ ತತ್ತ್ವ ಒಂದೇ.

ಮೊದಲು ಚಿತ್ರ ಮೂಡುವ ಬಗೆಯನ್ನು ನೋಡೋಣ. ಹತ್ತಿಯ ಗಿರಣಿಗಳಿಗೆ ಹೆಸರಾದ ದಾವಣಗೆರೆಯ ಜನಕ್ಕೆ ಮಗ್ಗದ ಕೆಲಸ ಅಪರಿಚಿತವಲ್ಲ. ಲಾಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾಯುವಾಗ ಹೊಕ್ಕಿನ ಒಂದು ಎಳೆ ಬೀಳುತ್ತದೆ. ಎಳೆಯ ಕೆಳಗೆ ಎಳೆ ಸೇರಿ ಬಟ್ಟೆಯಾಗುತ್ತದೆ. ಹಳೆಯ ಗಾಜಿನ ಚಿತ್ರನಳಿಗೆಯಲ್ಲಿಯೂ ಹೀಗೆಯೇ. ಎಲೆಕ್ಟ್ರಾನುಗಳ ಕಿರಣವೊಂದು ತೆರೆಯ ಎಡದಿಂದ ಬಲಕ್ಕೆ ಓಡುತ್ತ ಒಂದು ಬೆಳಕಿನ ಸಾಲನ್ನು ಎಳೆಯುತ್ತದೆ. ಥಟ್ಟನೆ ಎಡಕ್ಕೆ ಹಿಂದಿರುಗಿ ಅದರ ಕೆಳಗೆ ಮತ್ತೊಂದನ್ನು ಎಳೆಯುತ್ತದೆ. ಕೆಳ ಅಂಚನ್ನು ಮುಟ್ಟಿದ ಮೇಲೆ ಪುನಃ ಮೇಲಕ್ಕೆ ಹೋಗುತ್ತದೆ. ಭಾರತದ ದೂರದರ್ಶನ ಅನುಸರಿಸಿದ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 625 ಸಾಲುಗಳು. ಇವನ್ನು ಬೆಸ ಸಾಲುಗಳ ಒಂದು ಅರ್ಧ, ಸಮ ಸಾಲುಗಳ ಒಂದು ಅರ್ಧ ಎಂದು ಎರಡು ಪಾಲು ಮಾಡಿ, ಸೆಕೆಂಡಿಗೆ 50 ಅರ್ಧಚಿತ್ರಗಳನ್ನು ಕಳುಹಿಸುವರು. ಅಂದರೆ ಸೆಕೆಂಡಿಗೆ 15,625 ಸಾಲುಗಳಾದುವು. ಒಂದೊಂದು ಸಾಲಿಗೆ ದೊರೆಯುವ ಕಾಲ 64 ಮೈಕ್ರೊಸೆಕೆಂಡು.

ಕಳುಹಿಸುವ ಯಂತ್ರವೂ ಚಿತ್ರ ಬಿಡಿಸುವ ತೆರೆಯೂ ಒಂದೇ ಲಯದಲ್ಲಿ ನಡೆಯಬೇಕಾದರೆ ಅವೆರಡಕ್ಕೂ ಒಂದು ಸಂಜ್ಞೆ ಬೇಕು. ಕೊಂಡಜ್ಜಿಯ ಸ್ಕೌಟು ಶಿಬಿರದಲ್ಲಿ ಸಾಲಾಗಿ ಹೆಜ್ಜೆಯಿಡುವ ಬಾಲಕರು ನಾಯಕನ ಶಿಳ್ಳೆ ಕೇಳಿದೊಡನೆ ತಿರುಗುವಂತೆ, ಕಿರಣವೂ ಒಂದು ಸಂಜ್ಞೆಗೆ ಕಾದು ಹಿಂದಿರುಗುತ್ತದೆ. ಪ್ರತಿಯೊಂದು ಸಾಲಿನ ಕೊನೆಯಲ್ಲಿ ಸುಮಾರು 4.7 ಮೈಕ್ರೊಸೆಕೆಂಡಿನ ಒಂದು ಕಿರುಸ್ಪಂದವೂ, ಪ್ರತಿಯೊಂದು ಅರ್ಧಚಿತ್ರದ ಕೊನೆಯಲ್ಲಿ ಅದಕ್ಕಿಂತ ದೀರ್ಘವಾದ ಸ್ಪಂದಗಳೂ ಈ ಕೆಲಸ ಮಾಡುತ್ತವೆ. ಇವುಗಳಿಗೆ ಮೇಳನಸ್ಪಂದಗಳೆಂದು ಹೆಸರಿಡಬಹುದು. ವ್ಯವಹಾರದಲ್ಲಿ ಇವನ್ನು ‘ಸಿಂಕ್’ ಎನ್ನುವರು. ಸಾಲಿನ ಸ್ಪಂದ ತಪ್ಪಿದರೆ ಚಿತ್ರ ಓರೆಯಾಗಿ ಹರಿದುಹೋಗುತ್ತದೆ. ಚಿತ್ರದ ಸ್ಪಂದ ತಪ್ಪಿದರೆ ಅದು ಮೇಲಕ್ಕೋ ಕೆಳಕ್ಕೋ ಉರುಳುತ್ತಿರುತ್ತದೆ. ಆದಕಾರಣ ಚಿತ್ರದ ವಿಕಾರವನ್ನು ನೋಡಿಯೇ ದೋಷದ ಸ್ಥಾನವನ್ನು ಬಹುಮಟ್ಟಿಗೆ ಊಹಿಸಬಹುದು.

ಬಿ.ಬಿ.ಸಿ. ಮೈಕ್ರೊ ಈ ದೂರದರ್ಶನ ಪದ್ಧತಿಯನ್ನೇ ಅನುಸರಿಸುತ್ತದೆ. ಅದರೊಳಗೆ 6845 ಎಂಬ ಸಂಖ್ಯೆಯ ಒಂದು ಬಿಲ್ಲೆ ಕಾಲವನ್ನು ಎಣಿಸುತ್ತದೆ. ಒಂದು ಸಾಲಿಗೆ 80 ಅಕ್ಷರಗಳು ಬರುವ ವಿಧಾನದಲ್ಲಿ ಒಂದು ಅಕ್ಷರದ ಅಗಲಕ್ಕೆ ಅರ್ಧ ಮೈಕ್ರೊಸೆಕೆಂಡು. ಒಂದು ಸಾಲಿನಲ್ಲಿ ಇಂಥ 128 ಘಟ್ಟಗಳಿದ್ದು, ಒಟ್ಟು ಕಾಲ 64 ಮೈಕ್ರೊಸೆಕೆಂಡಾಗುತ್ತದೆ. ಇವುಗಳಲ್ಲಿ ಬರೆಹ ಕಾಣುವುದು 80 ಘಟ್ಟಗಳಲ್ಲಿ, ಅಂದರೆ 40 ಮೈಕ್ರೊಸೆಕೆಂಡಿನಲ್ಲಿ ಮಾತ್ರ; ಉಳಿದ ಕಾಲ ಅಂಚುಗಳಿಗೂ ಕಿರಣದ ಹಿಂದಿರುಗುವಿಕೆಗೂ ಸಲ್ಲುತ್ತದೆ. ಅದೇ ರೀತಿ ಒಂದು ಅರ್ಧಚಿತ್ರದ ಸುಮಾರು 312 ಸಾಲುಗಳಲ್ಲಿ 256 ಮಾತ್ರ ಬರೆಹವನ್ನು ಹೊರುತ್ತವೆ.

ಇನ್ನು ಇಂದಿನ ಮಾನಿಟರಿನ ಕಡೆಗೆ ತಿರುಗೋಣ. 1987ರಲ್ಲಿ ಬಂದ ವಿ.ಜಿ.ಎ. ಪದ್ಧತಿಯ ಸಾಲುಗಳ ವೇಗ ಸೆಕೆಂಡಿಗೆ ಸುಮಾರು 31,500. ಇದು ದೂರದರ್ಶನದ ವೇಗದ ಇಮ್ಮಡಿ. ಆ ಬಳಿಕ ತಯಾರಾದ ಗಣಕ ಮಾನಿಟರುಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 30,000 ಸಾಲಿಗಿಂತ ಕಡಮೆಯಾದ ಸಂಕೇತವನ್ನು ಸ್ವೀಕರಿಸುವುದಿಲ್ಲ. 15,625 ಸಾಲುಗಳ ಸಂಕೇತ ಬಂದಾಗ ತೆರೆ ಕಪ್ಪಾಗಿ ಉಳಿಯುವುದರ ರಹಸ್ಯ ಇದೇ. ತಂತಿಗಳನ್ನು ಎಷ್ಟು ಜಾಣತನದಿಂದ ಜೋಡಿಸಿದರೂ ಈ ಅಂತರ ಅಳಿಯದು. ಕೊಂಡಿಯ ಆಕಾರವನ್ನು ಬದಲಿಸಬಲ್ಲ ತಂತಿಗೆ ಕಾಲವನ್ನು ಬದಲಿಸುವ ಶಕ್ತಿಯಿಲ್ಲ.

ಕಾಲದ ಜೊತೆಗೆ ವಿದ್ಯುತ್ತಿನ ಪ್ರಮಾಣವೂ ಹೊಂದಬೇಕು. ಬಿ.ಬಿ.ಸಿ. ಮೈಕ್ರೊದ ಹಿಂಬದಿಯಲ್ಲಿ ಚಿತ್ರಕ್ಕಾಗಿ ಮೂರು ದ್ವಾರಗಳಿವೆ. ಮೊದಲನೆಯದು ಮನೆಯ ಟೀವಿಯ ಆಂಟೆನಾ ದ್ವಾರಕ್ಕೆ ಸೇರುವಂಥದು, ಇದು ಯು.ಎಚ್.ಎಫ್. ಪಟ್ಟಿಯ 36ನೆಯ ಚಾನೆಲ್ಲಿನಲ್ಲಿ ಹೊಮ್ಮುತ್ತದೆ. ಬರಿಯ ವಿ.ಎಚ್.ಎಫ್. ಪಟ್ಟಿಯನ್ನು ಹಿಡಿಯುವ ಹಳೆಯ ಟೀವಿಯಲ್ಲಿ ಇದನ್ನು ಎಷ್ಟು ಹುಡುಕಿದರೂ ಸಿಗದು. ಎರಡನೆಯದು ಚಿತ್ರವನ್ನೂ ಮೇಳನಸ್ಪಂದವನ್ನೂ ಒಂದೇ ತಂತಿಯಲ್ಲಿ ಕಳುಹಿಸುವ ಸಂಯುಕ್ತ ಸಂಕೇತದ ದ್ವಾರ. ಇದರ ಒಟ್ಟು ಎತ್ತರ ಸುಮಾರು 1 ವೋಲ್ಟು, ಅದರಲ್ಲಿ 0.3 ವೋಲ್ಟು ಸ್ಪಂದಕ್ಕೆ, 0.7 ವೋಲ್ಟು ಚಿತ್ರಕ್ಕೆ. ಮೂರನೆಯದು ಕೆಂಪು, ಹಸುರು, ನೀಲಿಗಳನ್ನು ಬೇರೆ ಬೇರೆ ತಂತಿಗಳಲ್ಲಿ ಕೊಡುವ ಆರು ಮೊಳೆಗಳ ದ್ವಾರ. ಇಲ್ಲಿ ಪ್ರತಿಯೊಂದು ಬಣ್ಣವೂ ಉಂಟು ಅಥವಾ ಇಲ್ಲ ಎಂಬ ಎರಡೇ ಸ್ಥಿತಿಯಲ್ಲಿದ್ದು, ಉಂಟು ಎಂಬುದರ ಎತ್ತರ 0.7 ವೋಲ್ಟಿಗಿಂತ ಹಲವು ಪಟ್ಟು ಹೆಚ್ಚಾಗಿರುತ್ತದೆ. ಉದಾಹರಣೆಗೆ ಅದು 4 ವೋಲ್ಟೆಂದು ಭಾವಿಸಿದರೆ, 75 ಓಮುಗಳ ಸ್ವೀಕರಣ ದ್ವಾರದಲ್ಲಿ 0.7 ವೋಲ್ಟು ಮಾತ್ರ ಬೀಳುವಂತೆ ಮಾಡಲು ಪ್ರತಿ ಬಣ್ಣದ ತಂತಿಯಲ್ಲಿ ಸುಮಾರು 350 ಓಮುಗಳ ರೋಧಕವಿರಬೇಕು. ಈ ಲೆಕ್ಕವನ್ನು ಓಮನ ನಿಯಮದಿಂದ ವಿದ್ಯಾರ್ಥಿಗಳೇ ಮಾಡಿ ನೋಡಬಹುದು.

ಹಾಗಾದರೆ ಕಾಲವನ್ನು ಹೊಂದಿಸುವುದೆಂತು? ಬರುತ್ತಿರುವ ಸಾಲನ್ನು ಸ್ಮೃತಿಯಲ್ಲಿ ಶೇಖರಿಸಿ, ತೆರೆ ಬಯಸುವ ವೇಗದಲ್ಲಿ ಅದನ್ನು ಮತ್ತೆ ಓದಿ ಕಳುಹಿಸುವ ಪರಿವರ್ತಕವೊಂದನ್ನು ನಡುವೆ ಇಡಬೇಕು. ಒಂದೊಂದು ಸಾಲನ್ನೂ ಇಮ್ಮಡಿ ವೇಗದಲ್ಲಿ ಎರಡು ಸಲ ಕಳುಹಿಸುವುದು ಇದರ ಸರಳ ರೂಪ. ಆದರೆ ಇಂಥ ಸಾಧನಗಳೆಲ್ಲವೂ ಸಮಾನವಲ್ಲ. ಟೀವಿ ಚಿತ್ರಕ್ಕೆಂದು ಮಾಡಿದ ಪರಿವರ್ತಕ ಸಾಮಾನ್ಯವಾಗಿ ಸೆಕೆಂಡಿಗೆ 1 ಕೋಟಿ 35 ಲಕ್ಷ ಸಲ ಸಂಕೇತವನ್ನು ಅಳೆಯುತ್ತದೆ. ನಮ್ಮ ಯಂತ್ರದ ಸಾಲಿನ ಬರೆಹದ ಭಾಗವಾದ 40 ಮೈಕ್ರೊಸೆಕೆಂಡಿನಲ್ಲಿ ಹೀಗೆ ದೊರೆಯುವ ಅಳತೆಗಳು 540. ಆದರೆ ಅಲ್ಲಿರುವ ಬಿಂದುಗಳು 640! ನೂರು ಬಿಂದುಗಳು ನೆರೆಯವುಗಳೊಡನೆ ಬೆರೆತುಹೋಗದೆ ಗತ್ಯಂತರವಿಲ್ಲ. ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ, ಅಂದರೆ ಇಡೀ ಸಾಲಿಗೆ 1,024 ಸಲ ಅಳೆದಾಗ ಮಾತ್ರ ಒಂದು ಬಿಂದುವಿಗೆ ಒಂದು ಅಳತೆ ದೊರೆಯುತ್ತದೆ. ಆ ಅಳತೆಯೂ ಬಿಂದುವಿನ ಅಂಚಿನಲ್ಲಿ ಬೀಳದೆ ನಡುವಿನಲ್ಲಿ ಬೀಳುವಂತೆ ಹೊಂದಿಸಬೇಕು.

ಕನ್ನಡದ ಮಟ್ಟಿಗೆ ಈ ವಿಷಯಕ್ಕೆ ವಿಶೇಷ ಮಹತ್ತ್ವವಿದೆ. ಈ ಯಂತ್ರದಲ್ಲಿ ಎಂಟು ಸಾಲು, ಎಂಟು ಕಂಬಗಳ ಚೌಕದಲ್ಲಿ ಬಿಂದುಗಳನ್ನಿಟ್ಟು ಹೊಸ ಅಕ್ಷರಗಳನ್ನು ರಚಿಸಿಕೊಳ್ಳಬಹುದು. ಅಷ್ಟು ಕಿರಿದಾದ ಚೌಕದಲ್ಲಿ ‘ಪ’ಕಾರಕ್ಕೂ ‘ಷ’ಕಾರಕ್ಕೂ, ‘ಪ’ಕಾರಕ್ಕೂ ‘ಫ’ಕಾರಕ್ಕೂ ಇರುವ ಭೇದವನ್ನು ಒಂದೆರಡು ಬಿಂದುಗಳೇ ಹೊರಬೇಕಾಗುತ್ತದೆ. ಪರಿವರ್ತಕ ಆ ಬಿಂದುವನ್ನು ನುಂಗಿದರೆ ಅಕ್ಷರವೇ ಬೇರೆಯಾಗಿ ಓದಿಸಿಕೊಳ್ಳುತ್ತದೆ. ತೆರೆಯ ಮೇಲೆ ಏನೋ ಮೂಡಿತೆಂದು ತೃಪ್ತಿಪಡದೆ, ಮೂಡಿದ್ದು ಯಂತ್ರ ಕಳುಹಿಸಿದ್ದೇ ಎಂದು ಪರಿಶೀಲಿಸುವುದು ಅಗತ್ಯ. ಒಂದು ಬಿಂದು ಅಗಲದ ನಿಲುಗೆರೆಗಳನ್ನು ಒಂದು ಬಿಟ್ಟು ಒಂದರಂತೆ ತೆರೆಯ ತುಂಬ ಬಿಡಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಎಲ್ಲ ಗೆರೆಗಳೂ ಸಮನಾಗಿ ಕಂಡರೆ ಹೊಂದಾಣಿಕೆ ಸರಿಯಾಗಿದೆ. ಅಲ್ಲಲ್ಲಿ ಮಸುಕಿನ ಪಟ್ಟೆಗಳು ಕಂಡರೆ ಅಳತೆಯ ವೇಗ ತಪ್ಪಾಗಿದೆ.

ಇದೇ ಯಂತ್ರದ ಏಳನೆಯ ವಿಧಾನದಲ್ಲಿ ಅಕ್ಷರಗಳನ್ನು ರಚಿಸುವುದು ದೂರಪಠ್ಯಕ್ಕೆಂದು ಮಾಡಿದ ಬೇರೊಂದು ಬಿಲ್ಲೆ. ಅದರ ಬಿಂದುಗಳ ಗತಿ ಸೆಕೆಂಡಿಗೆ 1 ಕೋಟಿ 20 ಲಕ್ಷ. ಒಂದು ವಿಧಾನಕ್ಕೆ ಹೊಂದಿಸಿದ ಪರಿವರ್ತಕ ಇನ್ನೊಂದರಲ್ಲಿ ಮಸುಕಾಗುವುದಕ್ಕೆ ಇದು ಕಾರಣ. ಆರ್.ಜಿ.ಬಿ.-ಟು-ಎಚ್.ಡಿ.ಎಂ.ಐ. ಎಂಬ ಮುಕ್ತ ಯೋಜನೆಯವರು ರಾಸ್ಪ್‌ಬೆರಿ ಪೈ ಜೀರೊ ಎಂಬ ಸಣ್ಣ ಗಣಕವನ್ನು ಬಳಸಿ ಈ ಎರಡು ಗತಿಗಳನ್ನೂ ಅರಿತು ಅಳೆಯುವ ಪರಿವರ್ತಕವನ್ನು ರೂಪಿಸಿದ್ದಾರೆ. ಅದರ ರಚನಾಕ್ರಮ ಯಾರಿಗಾದರೂ ಲಭ್ಯವಿರುವುದರಿಂದ ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಅದನ್ನು ಕಟ್ಟಲು ಸಾಧ್ಯ.

ಹಳೆಯ ಪಿ.ಸಿ. ಯಂತ್ರಗಳಲ್ಲಿ ಮತ್ತೊಂದು ಬಗೆಯ ಅಪಾಯವಿದೆ. ಏಕವರ್ಣದ ಹರ್ಕ್ಯುಲಿಸ್ ಕಾರ್ಡು ಸೆಕೆಂಡಿಗೆ ಸುಮಾರು 18,430 ಸಾಲುಗಳನ್ನು ಕಳುಹಿಸುತ್ತದೆ, ಬಣ್ಣದ ಸಿ.ಜಿ.ಎ. ಕಾರ್ಡು ಸುಮಾರು 15,700 ಸಾಲುಗಳನ್ನು. ಎರಡರಲ್ಲಿಯೂ ಇರುವುದು ಒಂಬತ್ತು ಮೊಳೆಗಳ ಒಂದೇ ಆಕಾರದ ಕೊಂಡಿ. ಕೊಂಡಿ ಕೂಡಿತೆಂದು ಏಕವರ್ಣದ ಹಳೆಯ ಮಾನಿಟರಿಗೆ ಬಣ್ಣದ ಕಾರ್ಡನ್ನು ಜೋಡಿಸಿದರೆ ಕಿರಣವನ್ನು ಓಡಿಸುವ ಮಂಡಲವೇ ಸುಟ್ಟುಹೋಗುವ ಸಂಭವವಿದೆ. ಜೋಡಿಸುವ ಮೊದಲು ಕಾರ್ಡಿನ ಹೆಸರನ್ನು ಓದುವುದು ಇದಕ್ಕಿರುವ ಸುಲಭ ರಕ್ಷಣೆ.

ಪರೀಕ್ಷೆಯ ಕ್ರಮವನ್ನು ಸಂಗ್ರಹವಾಗಿ ಹೇಳುವುದಾದರೆ, ಮೊದಲನೆಯದು ವಿದ್ಯುತ್ ಪೂರೈಕೆಯ ಪೆಟ್ಟಿಗೆ. ಅದರೊಳಗಿನ ಶೋಧಕ ಕೆಪಾಸಿಟರುಗಳು ವಯಸ್ಸಾದಂತೆ ಬಿರುಕುಬಿಟ್ಟು ತೇವ ಹೀರಿ, ವಿದ್ಯುತ್ ಹರಿಸಿದಾಗ ಹೊಗೆಯುಗುಳುವುದು ಈ ಯಂತ್ರದಲ್ಲಿ ಸಾಮಾನ್ಯ. ಅನುಭವಿಯಾದ ತಂತ್ರಜ್ಞರಿಂದ ಅವನ್ನು ಬದಲಾಯಿಸಿಯೇ ಮುಂದುವರಿಯಬೇಕು. ಗಾಜಿನ ಚಿತ್ರನಳಿಗೆಯ ಮಾನಿಟರನ್ನಂತೂ ವಿದ್ಯಾರ್ಥಿಗಳು ತೆರೆಯಲೇಬಾರದು. ಆರಿಸಿದ ಮೇಲೂ ಅದರಲ್ಲಿ ಸಾವಿರಾರು ವೋಲ್ಟುಗಳ ಆವೇಶ ಉಳಿದಿರಬಹುದು. ಎರಡನೆಯದಾಗಿ, ಕಣ್ಣಿಗಿಂತ ಮೊದಲು ಕಿವಿಯನ್ನು ಬಳಸಬೇಕು. ಸ್ವಸ್ಥವಾದ ಬಿ.ಬಿ.ಸಿ. ಮೈಕ್ರೊ ಚಾಲೂ ಆದೊಡನೆ ಒಂದು ಮಂದ್ರಧ್ವನಿಯನ್ನೂ ಅದರ ಬೆನ್ನಿಗೆ ಒಂದು ಮೇಲುಧ್ವನಿಯನ್ನೂ ಹೊರಡಿಸುತ್ತದೆ. ಈ ಎರಡೂ ಕೇಳಿಸಿದರೆ ತೆರೆ ಕಪ್ಪಾಗಿದ್ದರೂ ಯಂತ್ರ ಎಚ್ಚರವಾಗಿದೆಯೆಂದು ತಿಳಿಯಬೇಕು. ಮೊದಲ ಧ್ವನಿಯೇ ನಿಲ್ಲದೆ ಮುಂದುವರಿದರೆ ದೋಷ ಯಂತ್ರದಲ್ಲಿದೆ. ಮೂರನೆಯದಾಗಿ, ಸಂಯುಕ್ತ ಸಂಕೇತವನ್ನು ಅದಕ್ಕೆ ದ್ವಾರವಿರುವ ಯಾವುದಾದರೂ ಟೀವಿಗೆ ಕೊಟ್ಟು ನೋಡಬೇಕು. ಚಿತ್ರ ಬಂದು ನಡುಗುತ್ತಿದ್ದರೆ ‘*ಟಿವಿ 0,1’ ಎಂಬ ಆದೇಶವನ್ನು ಕೊಟ್ಟು, ವಿಧಾನವನ್ನು ಇನ್ನೊಮ್ಮೆ ಆರಿಸಿದಾಗ ಅರ್ಧಸಾಲಿನ ಹೆಣೆಗೆ ನಿಂತು ಚಿತ್ರ ಸ್ಥಿರವಾಗುವುದುಂಟು. ಆಗ ಅರ್ಧಚಿತ್ರವೊಂದಕ್ಕೆ ಸರಿಯಾಗಿ 312 ಸಾಲುಗಳಾಗಿ, ಸೆಕೆಂಡಿಗೆ ಬರುವ ಚಿತ್ರಗಳು 50ರಿಂದ 50.08ಕ್ಕೆ ಏರುತ್ತವೆ. ಇವೆಲ್ಲ ಆದ ಮೇಲೆ, ಕೊನೆಯಲ್ಲಿ, ಮೂರು ಬಣ್ಣಗಳ ದ್ವಾರವನ್ನೂ ಪರಿವರ್ತಕವನ್ನೂ ಜೋಡಿಸಬೇಕು.

ಇಷ್ಟೆಲ್ಲ ಶ್ರಮ ಏತಕ್ಕೆ ಎಂದು ಕೇಳಬಹುದು. ಯಂತ್ರದ ವೇಗವನ್ನಾಗಲಿ ಅದರ 32 ಕಿಲೊಬೈಟುಗಳ ಸ್ಮೃತಿಯನ್ನಾಗಲಿ ಇಂದು ಯಾರೂ ಬಯಸರು. ಆದರೆ ಆ ಕಾಲದ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಬರೆದ ಪಾಠಗಳು, ಲೆಕ್ಕಗಳು, ಚಿತ್ರಗಳು ಕ್ಯಾಸೆಟ್ಟುಗಳಲ್ಲಿಯೂ ಫ್ಲಾಪಿಗಳಲ್ಲಿಯೂ ಉಳಿದಿರುವ ಸಾಧ್ಯತೆಯಿದೆ. ಅವನ್ನು ಬರೆದಂತೆಯೇ ಓದಬಲ್ಲ ಸಾಧನ ಆ ಯಂತ್ರವೇ. ಅಲ್ಲದೆ ಇಂದಿನ ಗಣಕಗಳೊಳಗೆ ಕಣ್ಣಿಗೆ ಬೀಳದಂತೆ ಅಡಗಿರುವ ಕಾಲಗಣನೆಯನ್ನು ಇಲ್ಲಿ ಸಾಮಾನ್ಯ ಆಸಿಲ್ಲೊಸ್ಕೋಪಿನಲ್ಲಿ ಸಾಲುಸಾಲಾಗಿ ನೋಡಬಹುದು. ಭೌತವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ಅಗ್ಗವಾದ ಪ್ರಯೋಗ ದೊರೆಯುವುದು ದುರ್ಲಭ. ಆದುದರಿಂದ ತಮ್ಮ ಸಂಸ್ಥೆಯ ಹಳೆಯ ಸಾಮಾನುಗಳನ್ನು ವಿಲೇವಾರಿ ಮಾಡುವ ಹೊಣೆ ಹೊತ್ತ ಅಧ್ಯಾಪಕರು, ಪಟ್ಟಿಗೆ ಸಹಿ ಹಾಕುವ ಮೊದಲು, ಕಪ್ಪು ತೆರೆಯನ್ನೇ ಸಾಕ್ಷಿಯೆಂದು ನಂಬದೆ ಮೇಲೆ ಹೇಳಿದ ಪರೀಕ್ಷೆಗಳನ್ನು ಒಮ್ಮೆ ಮಾಡಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.