ಪದುಮ ಯಾಕೆ ಬರಲಿಲ್ಲ? ಹಾಡು ಇಷ್ಟವಾಗೋಕೆ ಕತೆ ಗೊತ್ತಿರಬೇಕಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಪಾಂಡವಪುರದಿಂದ ಮಾತಾಡ್ತಿದ್ದೀನಿ. ಹಿಂದೆ ಟ್ರ್ಯಾಕ್ಟರ್ ಸದ್ದು ಕೇಳಿಸಿದ್ರೆ ಕ್ಷಮಿಸಿ, ಕಬ್ಬಿನ ಲೋಡು ಹೋಗ್ತಿದೆ, ಅದನ್ನ ನಿಲ್ಲಿಸೋ ಶಕ್ತಿ ನನಗಿಲ್ಲ.

ಕಳೆದ ಸಂಚಿಕೆಯಲ್ಲಿ ಪಿಂಕ್ ಫ್ಲಾಯ್ಡ್ ತಂಡದ 'ದಿ ವಾಲ್' ಬಗ್ಗೆ ಎರಡು ನಿಮಿಷ ಮಾತಾಡಿದ್ದೆ. ಅದಾದ ಮೇಲೆ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ರು. "ಅದರಲ್ಲಿ ಒಂದು ಕತೆ ಇದೆ ಅಂತ ನೀವು ಹೇಳೋವರೆಗೂ ಗೊತ್ತೇ ಇರಲಿಲ್ಲ. ಹತ್ತು ವರ್ಷದಿಂದ ಕೇಳ್ತಿದ್ದೀನಿ. ಹಾಗಾದ್ರೆ ನಾನು ಇಷ್ಟು ದಿನ ಕೇಳಿದ್ದು ಅರ್ಧನಾ?" ಪ್ರಶ್ನೆ ಚೆನ್ನಾಗಿದೆ. ಇವತ್ತು ಅದನ್ನೇ ಮಾತಾಡೋಣ.

ಮೊದಲು ಕಾನ್ಸೆಪ್ಟ್ ಆಲ್ಬಂ ಅಂದ್ರೇನು ಅಂತ ಎರಡು ಮಾತು. ಸಾಮಾನ್ಯವಾಗಿ ಒಂದು ಆಲ್ಬಂನಲ್ಲಿ ಎಂಟ್ಹತ್ತು ಹಾಡಿರುತ್ತೆ, ಒಂದಕ್ಕೊಂದು ಸಂಬಂಧ ಇರಬೇಕಿಲ್ಲ. ಕಾನ್ಸೆಪ್ಟ್ ಆಲ್ಬಂನಲ್ಲಿ ಎಲ್ಲಾ ಹಾಡೂ ಸೇರಿ ಒಂದು ಕತೆಯನ್ನೋ ಒಂದು ಯೋಚನೆಯನ್ನೋ ಹೇಳುತ್ತೆ. 1979ರ 'ದಿ ವಾಲ್' ಅಂಥದ್ದು. ಪಿಂಕ್ ಅನ್ನೋ ಹಾಡುಗಾರ, ಅಪ್ಪ ಎರಡನೇ ಮಹಾಯುದ್ಧದಲ್ಲಿ ಸತ್ತಿದ್ದಾನೆ, ಬೆಳೀತಾ ಬೆಳೀತಾ ತನ್ನ ಸುತ್ತ ತಾನೇ ಗೋಡೆ ಕಟ್ಕೊಳ್ತಾನೆ. ಆದರೆ ಅದರಲ್ಲಿ ಶಾಲೆ ಮಕ್ಕಳು ಕೂಡಿ ಹಾಡೋ ಹಾಡಿದೆಯಲ್ಲ, ಅದು ಬ್ರಿಟನ್ನಿನಲ್ಲಿ ಬಿಡಿ ಹಾಡಾಗಿಯೇ ಮೊದಲನೇ ಸ್ಥಾನಕ್ಕೆ ಹೋಯ್ತು. ಅದನ್ನ ಕೇಳಿ ಕುಣಿದವರೆಲ್ಲ ಪಿಂಕ್ ಯಾರು ಅಂತ ವಿಚಾರಿಸಿಕೊಂಡು ಕುಣಿಯಲಿಲ್ಲ.

ಅಂದ್ರೆ ಕತೆ ಬೇಡ, ಹಾಡು ಸಾಕು ಅಂತಾನಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಆ ಅಭಿಪ್ರಾಯ ಬದಲಾಗಿದ್ದು ಇಂಗ್ಲಿಷ್ ಹಾಡಿನಿಂದ ಅಲ್ಲ, ಪಕ್ಕದ ತಾಲ್ಲೂಕಿನ ಕವಿಯ ಹಾಡಿನಿಂದ.

ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು 1915ರಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಅವರ 'ಮೈಸೂರು ಮಲ್ಲಿಗೆ' ಕವನ ಸಂಕಲನ ಬಂದಿದ್ದು 1942ರಲ್ಲಿ. ಒಂದೊಂದು ಕವಿತೆಯೂ ಬಿಡಿಬಿಡಿ. ಮೊದಲನೇ ಅಧ್ಯಾಯ, ಎರಡನೇ ಅಧ್ಯಾಯ ಅಂತೇನಿಲ್ಲ. ಆದರೆ ಓದ್ತಾ ಹೋದ್ರೆ ಒಂದೇ ಲೋಕ ಮತ್ತೆ ಮತ್ತೆ ಎದುರಾಗುತ್ತೆ: ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಮಾವನ ಮನೆ, ತವರು, ನವಿಲೂರು, ಬಳೆಗಾರ. ಕವಿ ಕತೆ ಬರೀಲಿಲ್ಲ, ಆದರೆ ಕತೆಗೆ ಬೇಕಾದ ಜನರನ್ನೆಲ್ಲ ತಂದು ಕೂರಿಸಿಬಿಟ್ಟರು.

ಆಮೇಲೆ ಕ್ಯಾಸೆಟ್ ಕಾಲ ಬಂತು. ಮೈಸೂರು ಅನಂತಸ್ವಾಮಿ ರಾಗ ಹಾಕಿದ, ನಿಸಾರ್ ಅಹಮದ್ ಅವರ ಗೀತೆಗಳ 'ನಿತ್ಯೋತ್ಸವ' 1978ರಲ್ಲಿ ಬಂದು ಕನ್ನಡದಲ್ಲಿ ಭಾವಗೀತೆ ಕ್ಯಾಸೆಟ್ಟಿಗೆ ದಾರಿ ಮಾಡ್ತು. ನರಸಿಂಹಸ್ವಾಮಿಯವರ ಹಾಡುಗಳು ಸಿ. ಅಶ್ವಥ್, ರತ್ನಮಾಲಾ ಪ್ರಕಾಶ್ ಅವರ ದನಿಯಲ್ಲಿ ಮನೆಮನೆ ಸೇರಿದವು. ಪುಸ್ತಕ ಮುಟ್ಟದವರಿಗೂ ಹಾಡು ಬಾಯಿಪಾಠ ಆಯ್ತು. ನಾನು ಆ ಪೈಕಿ.

ಈಗ ಆ ಹಾಡಿಗೆ ಬರ್ತೀನಿ. ರಾಯರು ಮಾವನ ಮನೆಗೆ ಬರೋ ಹಾಡು ನಿಮಗೆಲ್ಲ ಗೊತ್ತು. ನಮ್ಮ ಕಡೆ ಮದುವೆ ಆರತಕ್ಷತೆಯಲ್ಲಿ ಅದು ಇಲ್ಲದೆ ಊಟಕ್ಕೇ ಎಬ್ಬಿಸಲ್ಲ. ಬಿ.ಕಾಂ. ಓದುವಾಗ ಕಾಲೇಜಿನ ಭಾವಗೀತೆ ಸ್ಪರ್ಧೆಯಲ್ಲಿ ಅದನ್ನೇ ಹಾಡಿ ಎರಡನೇ ಬಹುಮಾನ ತಗೊಂಡಿದ್ದೀನಿ. ಅಷ್ಟಾದರೂ ಹಾಡಿನಲ್ಲಿ ಏನು ನಡೀತಿದೆ ಅಂತ ನನಗೆ ಗೊತ್ತಿರಲಿಲ್ಲ. ಅಳಿಯ ರಾತ್ರಿ ಬಂದ, ಉಪಚಾರ ಆಯ್ತು, ಹೆಂಡತಿ ಕಾಣಲಿಲ್ಲ, ಮುನಿಸ್ಕೊಂಡ, ಬೆಳಗ್ಗೆ ಅವಳು ಬಂದಳು. ಅವಳು ಎಲ್ಲಿಗೆ ಹೋಗಿದ್ದಳು? ಯಾರಿಗೆ ಗೊತ್ತು. ರಾಗ ಚೆನ್ನಾಗಿತ್ತು, ಹಾಡಿದೆ.

ಮನೇಲಿ ಒಂದಿನ ಪಾತ್ರೆ ತೊಳೀತಾ ಅದೇ ಹಾಡು ಗುನುಗ್ತಿದ್ದೆ. ಸುಮ್ಮನೆ ಅಜ್ಜಿನ ಕೇಳ್ದೆ, "ಅಜ್ಜಿ, ಗಂಡ ಅಷ್ಟು ದೂರದಿಂದ ಬಂದ್ರೂ ಪದುಮ ಯಾಕೆ ಬರಲ್ಲ?"

ಅಜ್ಜಿ ನಕ್ಕಿದ್ದು ನೋಡಬೇಕಿತ್ತು. "ಅಯ್ಯೋ ಕೂಸೇ, ಅವ್ಳು ಹೊರ್ಗಾಗವ್ಳೆ ಕಣವ್ವ. ಬೆಳಗ್ಗೆ ನೀರ್ ಹುಯ್ಕಂಡು ಒಳೀಕ್ ಬತ್ತಾಳೆ."

ಅಷ್ಟೇ. ಪದುಮ ಒಳಗಿಲ್ಲ ಅಂತ ನಾದಿನಿ ಹೇಳೋದು, ಬೆಳಗ್ಗೆ ಒಳಮನೆಯಲ್ಲಿ ಸ್ನಾನಕ್ಕೆ ನೀರು ಕಾದಿದೆ ಅನ್ನೋದು, ಹೊರಟು ನಿಂತ ರಾಯರ ಮುಖ ಅರಳೋದು, ಅವಳು ಹೂ ಮುಡ್ಕೊಂಡು ಬರೋದು, ಎಲ್ಲಾ ಒಂದೇ ಸಲ ಕೂಡಿಕೊಂಡವು. ಮುಟ್ಟು ಅನ್ನೋ ಪದ ಹಾಡಿನಲ್ಲಿ ಎಲ್ಲೂ ಇಲ್ಲ. 1942ರ ಓದುಗರಿಗೆ ಅದು ಬೇಕಾಗಿಯೂ ಇರಲಿಲ್ಲ, 'ಒಳಗಿಲ್ಲ' ಅಂದರೆ ಸಾಕು. ನನಗೆ ಆ ಸಂಪ್ರದಾಯ ನೋಡಿ ಗೊತ್ತಿಲ್ಲ, ಅದಕ್ಕೇ ಕತೆ ಕಣ್ಣೆದುರಿದ್ದರೂ ಕಾಣಲಿಲ್ಲ.

ಅವತ್ತು ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಮತ್ತೆ ಕೇಳಿದೆ. ಒಂದು ವಿಷಯ ಹೊಳೀತು. ಆ ಸಂಗೀತ ಮೊದಲಿಂದಲೂ ನಗ್ತಾ ಇತ್ತು. ಗಂಡ ಮುನಿಸ್ಕೊಂಡಾಗಲೂ ರಾಗ ಅಳಲ್ಲ, ತಾಳ ಭಾರ ಆಗಲ್ಲ. ಮನೆಮಂದಿಗೆಲ್ಲ ಗೊತ್ತಿರೋ ವಿಷಯ ರಾಯರೊಬ್ಬರಿಗೆ ಗೊತ್ತಿಲ್ಲ, ಬಾಯಿಬಿಟ್ಟು ಕೇಳೋ ಹಾಗೂ ಇಲ್ಲ. ಅವರ ಪೇಚಾಟಕ್ಕೆ ರಾಗ ಸಂಯೋಜಿಸಿದವರು ನಕ್ಕಿದ್ದಾರೆ, ಹಾಡಿದವರು ನಕ್ಕಿದ್ದಾರೆ. ನಾನು ಮಾತ್ರ ಸ್ಪರ್ಧೆಯಲ್ಲಿ ಗಂಭೀರವಾಗಿ ವಿರಹಗೀತೆ ಹಾಡಿ ಬಂದಿದ್ದೆ. ಎರಡನೇ ಬಹುಮಾನ ಯಾಕೆ ಅಂತ ಈಗ ಅರ್ಥ ಆಗುತ್ತೆ.

ಇಲ್ಲಿಗೆ ಮುಗಿಸಿದ್ರೆ ಸುಲಭ. ಕತೆ ತಿಳ್ಕೊಳ್ಳಿ, ಖುಷಿ ಜಾಸ್ತಿ ಆಗುತ್ತೆ ಅಂತ ಹೇಳಿ ಟಾಟಾ ಮಾಡಬಹುದಿತ್ತು. ಆದರೆ ಅಜ್ಜಿ ಅಲ್ಲಿಗೆ ನಿಲ್ಲಿಸಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ತಿಂಗಳಿಗೆ ಮೂರು ದಿನ ಕೊಟ್ಟಿಗೆ ಪಕ್ಕದ ಜಗುಲಿ ಮೇಲೆ ಮಲಗ್ತಿದ್ರಂತೆ. ಹೊದೆಯೋಕೆ ಗೋಣಿಚೀಲ. ಮಾಗಿ ಚಳಿ. ಅದನ್ನ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾಯ್ರಿಗೇನೋ ಮಂಚ ಆಯ್ತು. ಪದುಮಂಗೆ ಆ ರಾತ್ರಿ ಏನ್ ಹಾಸಿದ್ರೋ" ಅಂದ್ರು.

ಈಗ ಆ ಹಾಡು ಕೇಳುವಾಗ ನನಗೆ ಎರಡೂ ಕೇಳಿಸುತ್ತೆ, ನಗುವೂ ಗೋಣಿಚೀಲವೂ. ನನ್ನ ತಂಗಿಗಂತೂ ಕತೆ ಗೊತ್ತಾದ ಮೇಲೆ ಹಾಡೇ ಬೇಡ ಅನ್ನಿಸಿದೆ. "ನೀನು ಹೇಳ್ದೆ ಇದ್ದಿದ್ರೆ ಚೆನ್ನಾಗಿತ್ತು" ಅಂದಳು. ಅವಳ ಮಾತನ್ನ ನಾನು ತಳ್ಳಿಹಾಕಲ್ಲ. ಕತೆ ತಿಳಿದ್ರೆ ಖುಷಿ ಹೆಚ್ಚುತ್ತೆ ಅಂತ ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಕಮ್ಮಿನೂ ಆಗಬಹುದು. ಒಂದಂತೂ ನಿಜ, ತಿಳಿದ ಮೇಲೆ ತಿಳಿದಿಲ್ಲ ಅನ್ನೋ ಹಾಗೆ ಕೇಳೋಕಾಗಲ್ಲ.

ಇನ್ನೊಂದು ಉದಾಹರಣೆ, 'ಬಳೆಗಾರನ ಹಾಡು'. ಬಹಳ ಜನ ಅದನ್ನ ಬಳೆ ಮಾರೋ ಹಾಡು ಅಂದ್ಕೊಂಡಿದ್ದಾರೆ. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಬುಟ್ಟಿ ಹೊತ್ಕೊಂಡು ಹುಡುಗಿಯರಿಗೆ ಬಳೆ ತೊಡಿಸೋ ಹಾಗೆ ಕುಣೀತಾರೆ. ಸರಿಯಾಗಿ ಕೇಳಿ: ಚೆನ್ನಯ್ಯ ಮಾತಾಡ್ತಿರೋದು ಹೆಂಗಸರ ಹತ್ರ ಅಲ್ಲ, ಗಂಡನ ಹತ್ರ. ಹೆಂಡತಿ ನವಿಲೂರಿನಲ್ಲಿದ್ದಾಳೆ, ಅಲ್ಲಿಂದ ಸುದ್ದಿ ತಂದಿದ್ದಾನೆ. ಫೋನಿಲ್ಲದ ಕಾಲದಲ್ಲಿ ಯಾರ ಮನೆ ಒಳಗಾದರೂ ಹೋಗಬಲ್ಲ ಗಂಡಸು ಅಂದ್ರೆ ಬಳೆಗಾರ. ಅದು ಗೊತ್ತಾದ್ರೆ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳೋ ಆ ದನಿಯ ಮೆದುತನ ಯಾಕೆ ಅಂತ ತಿಳಿಯುತ್ತೆ. ಅವನು ಮಾರೋಕೆ ಬಂದಿಲ್ಲ, ಇನ್ನೊಬ್ಬರ ಸಂಸಾರದ ಮಾತು ಹೊತ್ತು ಬಂದಿದ್ದಾನೆ.

ಸರಿ, ಕತೆಯೇ ಇಲ್ಲದ ಕಡೆ ಕತೆ ಕಟ್ಟಿದ್ರೆ ಏನಾಗುತ್ತೆ? ಅದೂ ಆಗಿದೆ. ಟಿ.ಎಸ್. ನಾಗಾಭರಣ ಈ ಕವಿತೆಗಳನ್ನೇ ಇಟ್ಕೊಂಡು 'ಮೈಸೂರು ಮಲ್ಲಿಗೆ' ಸಿನಿಮಾ ಮಾಡಿದ್ರು. ಸ್ವಾತಂತ್ರ್ಯ ಹೋರಾಟದ ಹಿನ್ನೆಲೆ, ಗಿರೀಶ್ ಕಾರ್ನಾಡ್, ಸುಧಾರಾಣಿ, ಆನಂದ್ ಅಭಿನಯ, ಸಿ. ಅಶ್ವಥ್ ಸಂಗೀತ. ಬಿಡಿ ಹಾಡುಗಳಿಗೆ ಒಂದು ದಾರ ಪೋಣಿಸಿದ್ರು. 1991ನೇ ಸಾಲಿನ ಅತ್ಯುತ್ತಮ ಗೀತರಚನೆಯ ರಾಷ್ಟ್ರ ಪ್ರಶಸ್ತಿ ನರಸಿಂಹಸ್ವಾಮಿಯವರಿಗೆ ಬಂತು, ಸಂಕಲನ ಬಂದು ಹೆಚ್ಚೂಕಮ್ಮಿ 50 ವರ್ಷ ಆದ ಮೇಲೆ. ಸಿನಿಮಾ ನೋಡಿದವರಿಗೆ ಪದುಮ ಅಂದ್ರೆ ಸುಧಾರಾಣಿ. ನೋಡದವರಿಗೆ ಪದುಮ ಅವರವರ ಅತ್ತಿಗೆ, ಅಕ್ಕ, ಅಜ್ಜಿ. ಕತೆ ಒಂದು ಮುಖ ಕೊಡುತ್ತೆ, ಹಾಗೇ ಉಳಿದ ಮುಖಗಳನ್ನ ಅಳಿಸುತ್ತೆ. ಹಾಡು ಮಾತ್ರ ಎರಡೂ ಕಡೆ ಬದುಕಿದೆ.

ಇದರ ತದ್ವಿರುದ್ಧವೂ ನಮ್ಮಲ್ಲಿದೆ. ಮಂಡ್ಯ ಜಿಲ್ಲೆಯ ಯಾವ ಹಳ್ಳಿಗೆ ಹೋದ್ರೂ ರಾತ್ರಿಯಿಡೀ 'ಕುರುಕ್ಷೇತ್ರ' ನಾಟಕ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿರ್ತಾರೆ, ಪಾರ್ಟಿಗೆ ದುಡ್ಡು ಕೊಟ್ಟು ಬಣ್ಣ ಹಚ್ತಾರೆ. ದುರ್ಯೋಧನ ಸಾಯ್ತಾನೆ ಅಂತ ಕೂತ ಮಗುವಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಜನ ಏಳಲ್ಲ. ಒಂದು ಹಾಡು ಚೆನ್ನಾಗಿ ಬಂದ್ರೆ "ಒನ್ಸ್ ಮೋರ್" ಅಂತ ಕೂಗ್ತಾರೆ, ಕತೆ ಅಲ್ಲೇ ನಿಲ್ಲುತ್ತೆ, ಪಾತ್ರಧಾರಿ ಮತ್ತೆ ಹಾಡ್ತಾನೆ. ಯುದ್ಧ ಕಾಯುತ್ತೆ. ನಮ್ಮ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ.ನ. ಅವರ ಗೀತನಾಟಕ 'ಗೋಕುಲ ನಿರ್ಗಮನ'ವೂ ಹಾಗೇ. ಕೃಷ್ಣ ಗೋಕುಲ ಬಿಟ್ಟು ಹೋಗೇ ಹೋಗ್ತಾನೆ, ಅದರಲ್ಲಿ ಕುತೂಹಲ ಏನಿಲ್ಲ. ಹೋಗುವಾಗ ಎದೆಯಲ್ಲಿ ಏನಾಗುತ್ತೆ ಅನ್ನೋದಷ್ಟೇ ಉಳಿಯೋದು, ಆ ಕೆಲಸ ಹಾಡಿನದು.

ಇಲ್ಲಿ ಕತೆ ಮುಖ್ಯ ಅಲ್ಲ ಅನ್ನಿಸಬಹುದು. ನನಗನ್ನಿಸೋದು ಬೇರೆ. ಎಲ್ಲರಿಗೂ ಕತೆ ಗೊತ್ತಿರೋದ್ರಿಂದಲೇ ಅವರು ಅಷ್ಟು ನಿರಾಳವಾಗಿ ಹಾಡು ಕೇಳ್ತಾರೆ. ಕರ್ಣನ ಕತೆ ಗೊತ್ತಿಲ್ಲದವರಿಗೆ ಕರ್ಣನ ಹಾಡು ಬರೀ ಏರುದನಿ.

ಹಾಗಾಗಿ ಕೇಳುಗರ ಪ್ರಶ್ನೆಗೆ ನನ್ನ ಉತ್ತರ ಹೀಗೆ. ನೀವು ಹತ್ತು ವರ್ಷ ಕೇಳಿದ್ದು ಅರ್ಧ ಅಲ್ಲ. ರಾಗ, ದನಿ, ತಾಳ ನಿಮ್ಮನ್ನ ಹಿಡಿದಿಟ್ಟಿದೆ ಅಂದ್ರೆ ಅದು ಪೂರ್ತಿ ಕೇಳಿದ ಹಾಗೇ. ಹಾಡು ಇಷ್ಟವಾಗೋಕೆ ಕತೆ ಬೇಕಿಲ್ಲ. ಆದರೆ ನಿಮಗೆ ಇಷ್ಟವಾಗಿರೋದು ಏನು ಅಂತ ತಿಳಿಯೋಕೆ ಕತೆ ಬೇಕು. ವಿರಹ ಅಂತ ನಾನು ಇಷ್ಟಪಟ್ಟಿದ್ದು ತಮಾಷೆ ಆಗಿತ್ತು, ಆ ತಮಾಷೆಯ ಹಿಂದೆ ಒಬ್ಬಳು ಹೊರಗೆ ಮಲಗಿದ್ದಳು.

ನಾನು ಪಾಲಿಸೋ ಕ್ರಮ ಇಷ್ಟೇ. ಮೊದಲು ಹಾಡು, ಆಮೇಲೆ ಕತೆ. ಕತೆ ಓದ್ಕೊಂಡು ಹೋದ್ರೆ ಹಾಡು ಪಾಠ ಆಗಿಬಿಡುತ್ತೆ. ಸಾಕಷ್ಟು ಸಲ ಕೇಳಿ, ಬಾಯಿಗೆ ಬರಲಿ, ಆಮೇಲೆ ಒಂದು ಪ್ರಶ್ನೆ ಹಾಕ್ಕೊಳ್ಳಿ: ಇದನ್ನ ಯಾರು, ಯಾರಿಗೆ, ಯಾವಾಗ ಹೇಳ್ತಿದ್ದಾರೆ? ಉತ್ತರ ಸಿಗದಿದ್ರೆ ಇಂಟರ್ನೆಟ್ಟಿಗಿಂತ ಮೊದಲು ಮನೆಯ ಹಿರಿಯರನ್ನ ಕೇಳಿ. ಅವರಿಗೆ ಸಾಹಿತ್ಯ ಗೊತ್ತಿಲ್ಲದಿರಬಹುದು, ಹಾಡಿನೊಳಗಿನ ಮನೆ ಗೊತ್ತಿರುತ್ತೆ.

ನಿಮಗೂ ಹೀಗೆ ಕತೆ ತಿಳಿದ ಮೇಲೆ ಬದಲಾದ ಹಾಡು ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಇಷ್ಟ ಕಮ್ಮಿ ಆಗಿದ್ರೂ ಪರವಾಗಿಲ್ಲ, ಹೇಳಿ. ಮತ್ತೆ ಸಿಗೋಣ, ನಮಸ್ಕಾರ.